ಶುಗರ್ ಇದ್ದರೆ ‘ಹೌದು’ ಎಂದೇ ಬರೆಯಿರಿ: ವಿಮಾ ಏಜೆಂಟರಿಗೆ ಒಂದು ಬಹಿರಂಗ ಪತ್ರ

ಆರೋಗ್ಯ ವಿಮೆ ಮಾಡಿಸುವ ಊರೂರಿನ ಏಜೆಂಟ್ ಮಿತ್ರರಿಗೆ,



ವಿಮೆ ಎಂದ ಕೂಡಲೇ ಕಂಪನಿಗಳನ್ನು ಶಪಿಸುವವರು ಬೇಕಾದಷ್ಟು ಜನ ಇದ್ದಾರೆ. ಏಜೆಂಟರು ಗೇಟು ತೆಗೆದರೆ ಮನೆಯಲ್ಲಿ ಯಾರೂ ಇಲ್ಲ ಎಂದು ಮಕ್ಕಳಿಂದ ಹೇಳಿಸುವವರೂ ಇದ್ದಾರೆ. ನಾನು ಅವರ ಪೈಕಿ ಅಲ್ಲ. ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ವಿಮಾ ಕೌಂಟರಿನಲ್ಲಿ ಬಹಳ ಕಾಲ ಕೆಲಸ ಮಾಡಿ ನಿವೃತ್ತನಾದವನು. ನೀವು ಮಾಡಿಸಿಕೊಟ್ಟ ಪಾಲಿಸಿಯ ಕಾರ್ಡು ಹಿಡಿದು ಜನ ಬಂದು ನಿಲ್ಲುತ್ತಿದ್ದುದು ನನ್ನ ಮುಂದೆಯೇ. ಪಾಲಿಸಿ ಹುಟ್ಟುವ ದಿನ ನೀವು ಅವರ ಮನೆಯಲ್ಲಿರುತ್ತೀರಿ. ಅದು ಕೆಲಸಕ್ಕೆ ಬರಬೇಕಾದ ದಿನ ಅವರು ನಮ್ಮ ಕೌಂಟರಿನಲ್ಲಿರುತ್ತಾರೆ. ಬರುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಪ್ರಪೋಸಲ್ ಫಾರ್ಮಿನ ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ: ಮಧುಮೇಹ ಇದೆಯೇ, ಹೌದೋ ಇಲ್ಲವೋ?

ನನಗೂ ಶುಗರ್ ಇದೆ. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನಕ್ಕಿದೆ ಎಂದು ನಿಮಗೇ ಗೊತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದುದ್ದಕ್ಕೂ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ನಾವು ‘ಬಾರ್ಡರ್’ ಎನ್ನುತ್ತೇವಲ್ಲ, ಆ ಹಂತದಲ್ಲಿರುವವರು ಇನ್ನೂ 13.6 ಕೋಟಿ. ಇಷ್ಟು ಜನರನ್ನು ಬಿಟ್ಟು ನೀವು ವಿಮೆ ಮಾರಲಾರಿರಿ. ಆಸ್ಪತ್ರೆ ಖರ್ಚಿನ ಭಯ ಹೆಚ್ಚಾಗಿ ಇರುವುದೂ ಇವರಿಗೇ. ಹೃದಯ, ಕಿಡ್ನಿ, ಕಣ್ಣಿನ ಪರದೆ, ಪಾದ, ಇವೆಲ್ಲವನ್ನೂ ಶುಗರ್ ನಿಧಾನವಾಗಿ ತಿನ್ನುತ್ತದೆ.

ಹೀಗಿದ್ದೂ ನಿಮ್ಮಲ್ಲಿ ಕೆಲವರ ಬಾಯಲ್ಲಿ ಈ ಮಾತು ಬಂದಿರುತ್ತದೆ: ‘ಶುಗರ್ ಅಂತ ಹಾಕೋದು ಬೇಡ ಸಾರ್. ಟೆಸ್ಟು ಅಂತ ಎಳೀತಾರೆ, ಪ್ರೀಮಿಯಂ ಏರಿಸ್ತಾರೆ. ಮಾತ್ರೇಲಿ ಕಂಟ್ರೋಲ್ ಇದೆಯಲ್ಲ, ಇಲ್ಲ ಅಂತಲೇ ಹಾಕೋಣ.’ ಎಷ್ಟೋ ಮನೆಗಳಲ್ಲಿ ಗಿರಾಕಿಯೇ ಮೊದಲು ಹಾಗೆ ಕೇಳಿರುತ್ತಾರೆ, ನೀವು ತಲೆಯಾಡಿಸಿರುತ್ತೀರಿ. ಈಗಂತೂ ಫಾರ್ಮು ನಿಮ್ಮ ಮೊಬೈಲಿನಲ್ಲಿಯೇ ಇರುತ್ತದೆ. ನೀವೇ ಟಿಕ್ ಮಾಡುತ್ತಾ ಹೋಗಿ, ಕೊನೆಗೆ ‘ಓಟಿಪಿ ಬಂತಾ ನೋಡಿ’ ಎನ್ನುತ್ತೀರಿ. ಅವರು ಕಾಫಿ ಲೋಟ ಕೆಳಗಿಟ್ಟು ಓದಿ ಹೇಳಿದ ಆ ಅಂಕಿಗಳೇ ಅವರ ರುಜು. ಮೇಲಿನದೆಲ್ಲ ನಿಜ, ಏನನ್ನೂ ಮುಚ್ಚಿಟ್ಟಿಲ್ಲ ಎಂದು ಅವರು ಬರೆದುಕೊಟ್ಟ ಹಾಗೆ.

ಇದು ಕೌಂಟರಿಗೆ ಯಾವ ರೂಪದಲ್ಲಿ ಬರುತ್ತದೆ ಎಂದು ಹೇಳುತ್ತೇನೆ. ಎಪಿಎಂಸಿಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬರು ಡೆಂಗಿ ಜ್ವರ ಬಂದು ಸೇರಿದರು. ಪ್ಲೇಟ್‌ಲೆಟ್ ಇಳಿದಿತ್ತು. ಪಾಲಿಸಿಗೆ ಎರಡನೆಯ ವರ್ಷ ನಡೆಯುತ್ತಿತ್ತು. ಡ್ಯೂಟಿ ಡಾಕ್ಟರು ಎಲ್ಲರನ್ನೂ ಕೇಳುವಂತೆ ಬಿಪಿ, ಶುಗರ್ ಇದೆಯೇ ಎಂದು ಕೇಳಿದರು. ರೋಗಿಯ ಹೆಂಡತಿ, ‘ಶುಗರ್ ಇದೆ ಡಾಕ್ಟ್ರೇ, ಆರೇಳು ವರ್ಷ ಆಯ್ತು, ಎರಡು ಹೊತ್ತು ಮಾತ್ರೆ ತಗೋತಾರೆ’ ಎಂದರು. ಡಾಕ್ಟರ ಹತ್ತಿರ ಯಾರು ಸುಳ್ಳು ಹೇಳುತ್ತಾರೆ? ಹೇಳಲೂಬಾರದು. ಅದು ಕೇಸ್ ಶೀಟಿಗೆ ಹತ್ತಿತು. ನಾನು ಕ್ಯಾಶ್‌ಲೆಸ್ ಒಪ್ಪಿಗೆ ಕೋರುವ ಪ್ರೀ-ಆಥ್ ಕಳಿಸಿದೆ. ಕಂಪನಿಯಿಂದ ಕ್ವೆರಿ ಬಂತು: ಮಧುಮೇಹ ಯಾವಾಗಿನಿಂದ? ಮೊದಲು ತೋರಿಸಿದ ಡಾಕ್ಟರ ಚೀಟಿ ಕಳಿಸಿ. ಅದಾದ ಮೇಲೆ ಕ್ಯಾಶ್‌ಲೆಸ್ ಇಲ್ಲ ಎಂಬ ಪತ್ರ ಬಂತು, ಅದರ ಹಿಂದೆಯೇ ಪಾಲಿಸಿ ರದ್ದಾದ ನೋಟಿಸು. ಡೆಂಗಿಗೆ ಅವರ ತಕರಾರಿರಲಿಲ್ಲ. ಫಾರ್ಮಿನಲ್ಲಿ ಶುಗರ್ ಮುಚ್ಚಿಟ್ಟದ್ದೇ ಕಾರಣವಾಗಿತ್ತು.

ಅವರ ಏಜೆಂಟರು ಆಸ್ಪತ್ರೆಗೆ ಬಂದರು. ಕೈಕೊಟ್ಟು ಹೋಗುವ ಮನುಷ್ಯರಲ್ಲ, ಆ ಮನೆಯ ಮದುವೆ, ಗೃಹಪ್ರವೇಶಗಳಿಗೆಲ್ಲ ಹೋಗಿ ಬಂದವರು. ನನ್ನ ಹತ್ತಿರ ಬಂದು ದನಿ ತಗ್ಗಿಸಿ, ‘ಆರೇಳು ವರ್ಷ ಅನ್ನೋದನ್ನ ಆರು ತಿಂಗಳು ಅಂತ ಡಾಕ್ಟರ ಹತ್ರ ತಿದ್ದಿಸಿಕೊಡಿ ಸಾರ್’ ಎಂದರು. ಆಗುವುದಿಲ್ಲ ಎಂದೆ. ಕೇಸ್ ಶೀಟು ತಿದ್ದಿದರೆ ಕುತ್ತು ಬರುವುದು ಡಾಕ್ಟರ ನೋಂದಣಿಗೆ. ಅಷ್ಟರಲ್ಲಿ ರೋಗಿಯ ಹೆಂಡತಿ ಕೌಂಟರಿಗೇ ಬಂದು ಅವರನ್ನು ಕೇಳಿದರು: ‘ಬರೀಬೇಡಿ ಅಂದೋರು ನೀವೇ ಅಲ್ವೇನಣ್ಣಾ?’ ಏಜೆಂಟರ ಹತ್ತಿರ ಉತ್ತರ ಇರಲಿಲ್ಲ. ಬಿಲ್ಲು ಕಟ್ಟಲು ಆಕೆ ಬಳೆ ಅಡವಿಟ್ಟರು.

ಈಗ ಇದೇ ಪ್ರಕರಣದಲ್ಲಿ ‘ಹೌದು’ ಎಂದು ಬರೆದಿದ್ದರೆ ಏನಾಗುತ್ತಿತ್ತು, ನೋಡಿ. ಕಂಪನಿ ಪಾಲಿಸಿ ಕೊಟ್ಟಿದ್ದರೆ ಶುಗರಿಗೆ ಮತ್ತು ಅದರಿಂದಲೇ ಬರುವ ತೊಂದರೆಗಳಿಗೆ ಕಾಯುವ ಅವಧಿ ಹಾಕುತ್ತಿತ್ತು. ಡೆಂಗಿ, ಮೂಳೆ ಮುರಿತ, ಅಪೆಂಡಿಕ್ಸ್ ಮುಂತಾದ ಸಂಬಂಧವಿಲ್ಲದ ಕಾಯಿಲೆಗಳಿಗೆ ಆ ತಡೆ ಅನ್ವಯಿಸುವುದಿಲ್ಲ. ಅಪಘಾತಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ, ಜ್ವರದಂಥ ಕಾಯಿಲೆಗೆ ಸಾಮಾನ್ಯವಾಗಿ ಮೊದಲ 30 ದಿನ ಕಳೆದರೆ ಸಾಕು. ಅಂದರೆ ಎರಡನೆಯ ವರ್ಷದ ಡೆಂಗಿಗೆ ಆ ಮನೆಯವರು ಹಣ ಕಟ್ಟಬೇಕಾಗಿಯೇ ಇರಲಿಲ್ಲ. ‘ಇಲ್ಲ’ ಎಂದದ್ದರಿಂದ ಅವರು ಶುಗರಿನ ರಕ್ಷಣೆಯನ್ನಷ್ಟೇ ಅಲ್ಲ, ಶುಗರಿಗೆ ಸಂಬಂಧವೇ ಇಲ್ಲದ ರಕ್ಷಣೆಯನ್ನೂ ಕಳೆದುಕೊಂಡರು. ಪ್ರೀಮಿಯಂ ಕಟ್ಟಿದ್ದಷ್ಟೇ ಬಂತು.

ಕಾಯುವ ಅವಧಿ ಎಂದರೆ ನಾಲ್ಕು ವರ್ಷ, ಅಲ್ಲಿಯವರೆಗೆ ಯಾರು ಕಾಯುತ್ತಾರೆ ಎನ್ನುವವರು ನಿಮ್ಮಲ್ಲಿದ್ದಾರೆ. ಅದು ಹಳೆಯ ಲೆಕ್ಕ. ವಿಮಾ ನಿಯಂತ್ರಣ ಪ್ರಾಧಿಕಾರ, ನೀವೆಲ್ಲ ಐಆರ್‌ಡಿಎಐ ಎನ್ನುವುದು, 2024ರ ನಿಯಮಗಳಲ್ಲಿ ಮೊದಲೇ ಇದ್ದ ಕಾಯಿಲೆಗಳ ಕಾಯುವ ಅವಧಿಯ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಇದು ಗರಿಷ್ಠ ಮಿತಿ, ಕಂಪನಿ ಇನ್ನೂ ಕಡಿಮೆ ಇಡಬಹುದು. ಹೆಚ್ಚು ಪ್ರೀಮಿಯಂ ಪಡೆದು ಅವಧಿಯನ್ನು ತಗ್ಗಿಸುವ ಪಾಲಿಸಿಗಳಿವೆ, ಮಧುಮೇಹಿಗಳಿಗೆಂದೇ ಮಾಡಿದ ಪಾಲಿಸಿಗಳೂ ಇವೆ. ಕಂಪನಿ ಬದಲಾಯಿಸಿ ಪೋರ್ಟ್ ಮಾಡಿಸಿದರೆ ಹಳೆಯ ಪಾಲಿಸಿಯಲ್ಲಿ ಕಾದ ಅವಧಿ ಲೆಕ್ಕಕ್ಕೆ ಬರುತ್ತದೆ. ಇವನ್ನೆಲ್ಲ ಗಿರಾಕಿ ತಾನಾಗಿ ಹುಡುಕಿಕೊಳ್ಳಲಾರ. ನಿಮ್ಮಂಥವರು ಬೇಕಾಗಿರುವುದು ಇದಕ್ಕೇ.

‘ಐದು ವರ್ಷ ದಾಟಿಬಿಟ್ಟರೆ ಯಾರೂ ಏನೂ ಕೇಳೋಕಾಗಲ್ಲ’ ಎಂಬ ಇನ್ನೊಂದು ಧೈರ್ಯದ ಮಾತು ಓಡಾಡುತ್ತಿದೆ. ಅದರಲ್ಲಿ ಅರ್ಧ ಸತ್ಯವಿದೆ. ಮೊದಲು 96 ತಿಂಗಳಿದ್ದ ಮೊರಟೋರಿಯಂ ಈಗ 60 ತಿಂಗಳು. ಅಷ್ಟು ಕಾಲ ತಪ್ಪದೆ ನಡೆದ ಪಾಲಿಸಿಯಲ್ಲಿ ಮಾಹಿತಿ ಬಿಟ್ಟುಹೋಗಿದೆ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಆದರೆ ವಂಚನೆ ಸಾಬೀತಾದರೆ ಈ ರಕ್ಷಣೆ ಸಿಗುವುದಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಶುಗರ್ ಇರುವುದು ಗೊತ್ತಿದ್ದೂ ಬೇಕೆಂದೇ ‘ಇಲ್ಲ’ ಎಂದು ಹಾಕಿದ್ದನ್ನು ವಂಚನೆ ಎನ್ನಲು ಕಂಪನಿಯ ವಕೀಲರು ಹಿಂಜರಿಯುತ್ತಾರೆಯೇ? ಅಲ್ಲದೆ ಆ ಐದು ವರ್ಷ ಯಾವ ಕಾಯಿಲೆಯೂ ಬರುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ?

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನಿಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದರೆ ಈ ಪತ್ರವೇ ಬೇಕಾಗಿರಲಿಲ್ಲ. ಎರಡರಲ್ಲೂ ರೋಗಿ ಮಧುಮೇಹಿಯೇ. 2009ರದ್ದರಲ್ಲಿ ಮೆಡಿಕ್ಲೇಮ್ ಮಾಡಿಸಿದವರಿಗೆ ಬಹುಕಾಲದ ಮಧುಮೇಹವಿತ್ತು, ಕಿಡ್ನಿ ಕೈಕೊಟ್ಟಿತ್ತು. ಫಾರ್ಮಿನಲ್ಲಿ ಮಾತ್ರ ಆರೋಗ್ಯವಾಗಿದ್ದೇನೆ ಎಂದಿತ್ತು. ಅವರು ತೀರಿಕೊಂಡ ಮೇಲೆ ಹೆಂಡತಿ ಕೊನೆಯ ನ್ಯಾಯಾಲಯದವರೆಗೂ ಹೋದರು. ವಿಮೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಕಂಪನಿಗೆ ಬೇಕಿದ್ದ ಮುಖ್ಯ ಸಂಗತಿಯನ್ನೇ ಮುಚ್ಚಿಟ್ಟಿದ್ದಾರೆ ಎಂದು ಕೋರ್ಟು ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು.

ಇನ್ನೊಂದು 2021ರ ಡಿಸೆಂಬರಿನದು. ಅಮೆರಿಕಕ್ಕೆ ಹೊರಟಿದ್ದ ಒಬ್ಬರು ಪ್ರವಾಸದ ವಿಮೆ ಮಾಡಿಸುವಾಗ ಮಧುಮೇಹ ಇದೆ ಎಂದು ಹೇಳಿದ್ದರು. ಕಂಪನಿ ವೈದ್ಯಕೀಯ ಪರೀಕ್ಷೆಯನ್ನೂ ಮಾಡಿಸಿ ಪಾಲಿಸಿ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡು ಸ್ಟೆಂಟ್ ಹಾಕಬೇಕಾಯಿತು. ಇದು ಮೊದಲೇ ಇದ್ದ ಕಾಯಿಲೆಯ ಫಲ, ಕೊಲೆಸ್ಟರಾಲ್ ಮಾತ್ರೆಯ ವಿಷಯ ಹೇಳಿರಲಿಲ್ಲ ಎಂದು ಕಂಪನಿ ಹಣ ಕೊಡಲಿಲ್ಲ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ತೀರ್ಪು ರೋಗಿಯ ಪರವಾಗಿ ಬಂತು. ಅರ್ಜಿದಾರ ತಿಳಿಸಿದ ಆರೋಗ್ಯ ಸ್ಥಿತಿಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಸ್ಥಿತಿಯನ್ನು ನೆಪ ಮಾಡಿ ಕ್ಲೇಮ್ ನಿರಾಕರಿಸುವಂತಿಲ್ಲ ಎಂದಿತು ಕೋರ್ಟು. ಹೀಗೆ ಒಬ್ಬರು ಸೋತರು, ಒಬ್ಬರು ಗೆದ್ದರು. ಗೆದ್ದವರ ಕೈಯಲ್ಲಿದ್ದ ದೊಡ್ಡ ಸಾಕ್ಷ್ಯ ಫಾರ್ಮಿನಲ್ಲಿ ಶುಗರ್ ಇದೆ ಎಂದು ಒಪ್ಪಿಕೊಂಡದ್ದು.

ನಿಮ್ಮ ಕಷ್ಟವೂ ನನಗೆ ಗೊತ್ತು. ‘ಹೌದು’ ಎಂದರೆ ಫೈಲು ನಿಲ್ಲುತ್ತದೆ. ಎಚ್‌ಬಿಎ1ಸಿ, ಇಸಿಜಿ, ಕ್ರಿಯಾಟಿನಿನ್ ಕೇಳುತ್ತಾರೆ. ಲೋಡಿಂಗ್ ಎಂದು ಹೆಚ್ಚುವರಿ ಪ್ರೀಮಿಯಂ ಹಾಕುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ, ಬಿಪಿಯೂ ಜೊತೆಗಿದ್ದರೆ, ಕೆಲವು ಕಂಪನಿಗಳು ಬೇಡವೆಂದೇ ಬಿಡುತ್ತವೆ. ನೀವು ಅಷ್ಟು ಓಡಾಡಿ ಬರುವುದರೊಳಗೆ ಇನ್ನೊಬ್ಬರು ಹೋಗಿ ‘ನಾನು ಟೆಸ್ಟಿಲ್ಲದೆ ಮಾಡಿಸಿಕೊಡ್ತೀನಿ’ ಎಂದು ಗಿರಾಕಿಯನ್ನು ಎಗರಿಸಿಕೊಂಡು ಹೋಗಿರುತ್ತಾರೆ. ತಿಂಗಳ ಕೊನೆಗೆ ಟಾರ್ಗೆಟ್ ಕೇಳುವ ಮ್ಯಾನೇಜರಿಗೆ ಈ ಕಥೆ ಬೇಕಿಲ್ಲ. ಸತ್ಯ ಹೇಳಿದ ಏಜೆಂಟನಿಗೆ ನಷ್ಟ, ಮುಚ್ಚಿಟ್ಟವನಿಗೆ ಕಮಿಷನ್ ಎಂಬ ಈ ವ್ಯವಸ್ಥೆಯನ್ನು ಕಟ್ಟಿದವರು ನೀವಲ್ಲ. ಆದರೆ ಅದರ ಏಟು ಬೀಳುವುದು ನಿಮ್ಮನ್ನು ನಂಬಿದ ಮನೆಯ ಮೇಲೆ. ಆ ಮನೆಯವರು ಕಂಪನಿಯ ಹೆಸರು ನೋಡಿ ಪಾಲಿಸಿ ಮಾಡಿಸಿದವರಲ್ಲ, ನಿಮ್ಮ ಮುಖ ನೋಡಿ ಮಾಡಿಸಿದವರು.

ಸತ್ಯ ಬರೆದೂ ವ್ಯವಹಾರ ನಡೆಸುವವರು ಇಲ್ಲವೆಂದೇನಲ್ಲ. ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳು ಪಾದದ ಹುಣ್ಣಿನಿಂದ ನಮ್ಮಲ್ಲಿಗೆ ಬಂದಿದ್ದರು. ಅವರ ಫಾರ್ಮಿನಲ್ಲಿ ಶುಗರ್ ಎಷ್ಟು ವರ್ಷದಿಂದ, ಯಾವ ಮಾತ್ರೆ ಎಂಬುದೆಲ್ಲ ಇತ್ತು. ಪ್ರೀಮಿಯಂ ಹೆಚ್ಚೇ ಕಟ್ಟಿದ್ದರು, ಕಾಯುವ ಅವಧಿ ಮುಗಿದಿತ್ತು. ಕ್ವೆರಿ ಬಂದಾಗ ಅವರ ಏಜೆಂಟರು ಹಳೆಯ ಫಾರ್ಮಿನ ಪ್ರತಿಯನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರು, ನಾನು ಅದನ್ನೇ ಮುಂದೆ ಕಳಿಸಿದೆ. ಮಂಜೂರಾಯಿತು. ಆಮೇಲೆ ಅವರ ಬೀದಿಯವರೇ ಆ ಏಜೆಂಟರ ನಂಬರು ಕೇಳಿಕೊಂಡು ಬಂದರು. ನಿಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ?

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳು.

ಮೊದಲನೆಯದು, ‘ಶುಗರ್ ಇದೆಯಾ’ ಎಂದಷ್ಟೇ ಕೇಳಿ ಬಿಡಬೇಡಿ. ಬಾರ್ಡರಿನಲ್ಲಿರುವವರು, ಮಾತ್ರೆ ಬಿಟ್ಟು ಕಷಾಯ ಹಿಡಿದವರು, ಕಂಟ್ರೋಲಿಗೆ ಬಂದಿದೆ ಎನ್ನುವವರು ಎಲ್ಲರೂ ‘ಇಲ್ಲ’ ಎಂದೇ ಹೇಳುತ್ತಾರೆ. ಮಾತ್ರೆಯ ಡಬ್ಬಿ ತರಿಸಿ ನೋಡಿ, ಹಳೆಯ ಲ್ಯಾಬ್ ರಿಪೋರ್ಟು ಕೇಳಿ. ಬಿಪಿ, ಕೊಲೆಸ್ಟರಾಲ್, ಥೈರಾಯ್ಡ್ ಮಾತ್ರೆಗಳಿದ್ದರೆ ಅವನ್ನೂ ಬರೆಯಿರಿ. ಅಮೆರಿಕದ ಪ್ರಕರಣದಲ್ಲಿ ಕಂಪನಿ ಹಿಡಿದುಕೊಂಡ ಎಳೆ ಒಂದು ಕೊಲೆಸ್ಟರಾಲ್ ಮಾತ್ರೆಯೇ.

ಎರಡನೆಯದು, ಓಟಿಪಿ ಕೇಳುವ ಮೊದಲು ತುಂಬಿದ ಫಾರ್ಮನ್ನು ಕನ್ನಡದಲ್ಲಿ ಓದಿ ಹೇಳಿ. ಅದರ ಪ್ರತಿ ಅವರ ಫೋನಿನಲ್ಲೂ ಇರಲಿ, ನಿಮ್ಮ ಹತ್ತಿರವೂ ಇರಲಿ. ಪಾಲಿಸಿಯ ಜೊತೆ ಗ್ರಾಹಕರ ಮಾಹಿತಿ ಪತ್ರವೊಂದನ್ನು ಕಂಪನಿ ಕೊಡಬೇಕು, ಗ್ರಾಹಕರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂಬ ನಿಯಮವಿದೆ. ಕೇಳಿ ತರಿಸಿಕೊಡಿ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡವೆಂದು ಹಿಂತಿರುಗಿಸಬಹುದು ಎಂಬುದನ್ನೂ ತಿಳಿಸಿ.

ಮೂರನೆಯದು, ಯಾವುದು ಸಿಗುವುದಿಲ್ಲ ಎಂಬುದನ್ನೂ ಮೊದಲೇ ಹೇಳಿ. ಸಾಮಾನ್ಯ ಪಾಲಿಸಿ ಒಳರೋಗಿಯ ಖರ್ಚಿಗೆ ಮಾತ್ರ. ತಿಂಗಳ ಮಾತ್ರೆ, ಇನ್ಸುಲಿನ್, ಸ್ಟ್ರಿಪ್ಪು, ಡಾಕ್ಟರ ಫೀಸು ಕೈಯಿಂದಲೇ ಹೋಗುತ್ತದೆ, ಓಪಿಡಿ ಸೌಲಭ್ಯ ಬೇರೆಯಾಗಿ ಇದ್ದರೆ ಮಾತ್ರ ಉಂಟು. ಕಂಪನಿಗಳು ಕೊಡಬೇಕಾಗಿಲ್ಲದ ವಸ್ತುಗಳ ಪಟ್ಟಿಯಲ್ಲಿ ಮಧುಮೇಹಿಗಳ ಚಪ್ಪಲಿಯ ಹೆಸರೂ ಇದೆ. ಹುಣ್ಣಾದ ಬೆರಳು ಕತ್ತರಿಸಲು ದುಡ್ಡು ಬರುತ್ತದೆ, ಬೆರಳು ಉಳಿಸುವ ಚಪ್ಪಲಿಗೆ ಬರುವುದಿಲ್ಲ. ಇದು ನಿಮ್ಮ ಮೇಲಿನ ದೂರಲ್ಲ. ಆದರೆ ಕಂಪನಿಯ ಸಭೆಗಳಿಗೆ ಹೋಗುವವರು ನೀವು, ನಾವಲ್ಲ. ಅಲ್ಲಿ ಎದ್ದು ನಿಂತು ಇದನ್ನು ಒಮ್ಮೆ ಕೇಳಿ.

ನಾಲ್ಕನೆಯದು, ಎಲ್ಲರಿಗೂ ಪಾಲಿಸಿಯನ್ನೇ ಮಾರಬೇಕಿಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ, ಶುಗರ್ ಇದೆ ಎಂಬ ಕಾರಣಕ್ಕೆ ಕಾಯಿಸುವುದಿಲ್ಲ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಇಎಸ್‌ಐ ಕಟ್ಟುವ ಕಾರ್ಮಿಕರಿಗೆ ಹೊರರೋಗಿ ಚಿಕಿತ್ಸೆ, ಮಾತ್ರೆ ಎಲ್ಲವೂ ಅದರಲ್ಲೇ ಬರುತ್ತದೆ. ಸಹಕಾರ ಸಂಘದ ಸದಸ್ಯರಿಗೆ 2022ರಲ್ಲಿ ಮತ್ತೆ ಜೀವ ಪಡೆದ ಯಶಸ್ವಿನಿ ಇದೆ. ಇವನ್ನು ಹೇಳಿದರೆ ಇವತ್ತಿನ ಕಮಿಷನ್ ಹೋಗಬಹುದು. ಅವರ ಮಗ ಕೆಲಸಕ್ಕೆ ಸೇರಿ ಪಾಲಿಸಿ ಮಾಡಿಸುವಾಗ ನಿಮ್ಮನ್ನೇ ಕರೆಯುತ್ತಾನೆ.

ಐದನೆಯದು ಕಷ್ಟದ ಕೆಲಸ. ಈಗಾಗಲೇ ‘ಇಲ್ಲ’ ಎಂದು ಹಾಕಿ ಮಾಡಿಸಿದ ಪಾಲಿಸಿಗಳಿದ್ದರೆ ಆ ಮನೆಗಳಿಗೆ ಮತ್ತೆ ಹೋಗಿ. ನವೀಕರಣದವರೆಗೂ ಕಾಯದೆ ಅವರಿಂದ ಕಂಪನಿಗೆ ಬರಹದಲ್ಲಿ ಹೇಳಿಸಿ. ಕಂಪನಿ ಪ್ರೀಮಿಯಂ ಏರಿಸಬಹುದು, ಕಾಯುವ ಅವಧಿ ಹಾಕಬಹುದು, ಪಾಲಿಸಿ ಬೇಡವೆಂದೂ ಅನ್ನಬಹುದು. ಹಾಗೆ ಅಂದರೆ ಬೇರೆ ದಾರಿ ಹುಡುಕಲು ಕಾಲಾವಕಾಶವಾದರೂ ಇರುತ್ತದೆ. ಐಸಿಯು ಬಾಗಿಲಲ್ಲಿ ನಿಂತವರಿಗೆ ಆ ಅವಕಾಶ ಇರುವುದಿಲ್ಲ. ಪ್ರೀಮಿಯಂ ಹೊರೆಯಾಯಿತು ಎನ್ನುವವರಿಗೆ ಒಂದು ಸಮಾಧಾನವಿದೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿ ಹೋಗಿದೆ. ಆ ಉಳಿತಾಯ ಲೋಡಿಂಗಿನ ಭಾರವನ್ನು ಸ್ವಲ್ಪವಾದರೂ ಇಳಿಸುತ್ತದೆ.

ಕೊನೆಯದು, ಕ್ಲೇಮಿನ ದಿನ ಫೋನು ಎತ್ತಿ. ಕ್ಯಾಶ್‌ಲೆಸ್ ಮನವಿಗೆ 1 ಗಂಟೆಯಲ್ಲಿ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಗೆ 3 ಗಂಟೆಯಲ್ಲಿ ಕಂಪನಿ ಉತ್ತರಿಸಬೇಕು ಎಂದು ಪ್ರಾಧಿಕಾರವೇ ಹೇಳಿದೆ. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ತಿಳಿಸಬೇಕು. ‘ಎಲ್ಲಾ ಶುಗರ್‌ನಿಂದಲೇ’ ಎಂದು ಸಾರಾಸಗಟಾಗಿ ತಳ್ಳಿಹಾಕಿದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಬರೆಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನಕರವಲ್ಲದಿದ್ದರೆ, ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ವರ್ಷದೊಳಗೆ ಅರ್ಜಿ ಹಾಕಿಸಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪ್ರಕರಣಗಳನ್ನು ಅಲ್ಲಿ ವಿಚಾರಿಸುತ್ತಾರೆ. ಅಲ್ಲಿ ನಿಮ್ಮ ಗಿರಾಕಿಯ ಪರವಾಗಿ ಮೊದಲು ಮಾತಾಡುವುದು ನೀವು ನಿಜವಾಗಿ ತುಂಬಿದ ಫಾರ್ಮು.

ಮುಂದಿನ ಫಾರ್ಮು ತುಂಬುವಾಗ ಆ ಪ್ರಶ್ನೆಗೆ ಬಂದು, ಗಿರಾಕಿ ನಿಮ್ಮ ಮುಖ ನೋಡಿದರೆ, ಈ ಪತ್ರದಲ್ಲಿರುವುದನ್ನು ನಿಮ್ಮ ಮಾತಿನಲ್ಲಿ ಅವರಿಗೆ ಹೇಳಿ. ಒಪ್ಪದಿದ್ದರೆ ಆ ಪಾಲಿಸಿಯನ್ನು ಬಿಟ್ಟು ಎದ್ದು ಬನ್ನಿ. ನಿಮ್ಮ ಶಾಖೆಯ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ, ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಇದನ್ನು ಮೊದಲ ಪಾಠವಾಗಿ ಹೇಳಿಕೊಡಿ ಎಂದು ವಿನಂತಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಆಸ್ಪತ್ರೆಯ ವಿಮಾ ವಿಭಾಗದ ನಿವೃತ್ತ ನೌಕರ ಹಾಗೂ ಒಬ್ಬ ಮಧುಮೇಹಿ
ದಾವಣಗೆರೆ